ಘಟ್ಟವಿಳಿದ ದಾರಿ: ಅನಮೋಡವೂ ಗೋವೆಯ ಆಕರ್ಷಣವೂ

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನಲ್ಲಿ, ಸಹ್ಯಾದ್ರಿಯ ನೆತ್ತಿಯ ಮೇಲೆ, ಅನಮೋಡವೆಂಬ ಸಣ್ಣ ಗ್ರಾಮವಿರುವುದು. ಬೆಳಗಾವಿ, ಖಾನಾಪುರ, ರಾಮನಗರಗಳನ್ನು ಹಾದುಬಂದ ಹೆದ್ದಾರಿಯು ಇಲ್ಲಿಂದ ಘಟ್ಟವನ್ನಿಳಿದು ಮೊಲೆಂ ಗ್ರಾಮದ ಬಳಿ ಗೋವೆಯ ತಗ್ಗುನೆಲವನ್ನು ಸೇರುತ್ತದೆ. ಬಯಲುಸೀಮೆಯ ಕನ್ನಡಿಗರು ಜೀವನೋಪಾಯಕ್ಕಾಗಿ ಗೋವೆಗೆ ಇಳಿಯುವ ದಾರಿಗಳಲ್ಲಿ ಇದು ಮುಖ್ಯವಾದುದು. ಗೋವೆಯ ವಿಸ್ತೀರ್ಣ 3702 ಚದರ ಕಿಲೋಮೀಟರುಗಳು. ಉತ್ತರ ಕನ್ನಡವೊಂದೇ ಜಿಲ್ಲೆ ಹತ್ತು ಸಾವಿರಕ್ಕೂ ಮಿಗಿಲಾದುದು. ಇಷ್ಟು ಕಿರಿದಾದ ನಾಡು ಇಷ್ಟು ಜನರನ್ನು ಸೆಳೆಯುವುದೇಕೆ? ಕಡಲು, ಗಾಳಿ, ತೆಂಗಿನ ನೆಳಲು ಎಂದು ಪ್ರವಾಸಿಗರು ಹೇಳಿಯಾರು. ಆದರೆ ನೆಲಸಿ ದುಡಿಯಹೋದವರನ್ನು ಸೆಳೆದುದು ಇವಾವುವೂ ಅಲ್ಲ. ರೇವಿನ ದುಡಿಮೆ ಮತ್ತು ಪರಸ್ಥಳದವನಿಗೂ ದೊರೆತ ಆಶ್ರಯ, ಇವೆರಡೇ ಎಂಬುದು ಈ ಲೇಖನದ ಪ್ರತಿಪಾದ್ಯ. ಎರಡನೆಯದು ತಪ್ಪಿದಾಗ ಇಳಿದ ಜನವೇ ಹೊರಟುಹೋದುದಕ್ಕೂ ಇತಿಹಾಸದಲ್ಲಿ ಸಾಕ್ಷ್ಯವುಂಟು.

ಮೊದಲು ಒಂದು ಶಬ್ದವಿಚಾರ. ಗೋವೆಯ ಆಡುಮಾತಿನಲ್ಲಿ ಘಟ್ಟದ ಮೇಲಿನವರನ್ನು ‘ಘಾಂಟಿ’ ಎಂದು ಕರೆಯುವುದುಂಟು. ಅದರಲ್ಲಿ ತಿರಸ್ಕಾರದ ಧ್ವನಿ ಬೆರೆತಿರುವುದನ್ನು ಮರೆಮಾಚಬೇಕಾಗಿಲ್ಲ. ಮೂಲವಾದ ‘ಘಟ್ಟ’ ಶಬ್ದವಾದರೋ ನಿರ್ದೋಷಿ. ಸಂಸ್ಕೃತದಲ್ಲಿ ಅದಕ್ಕೆ ನೀರಿಗಿಳಿಯುವ ಸ್ಥಳವೆಂಬ ಅರ್ಥವಿದೆ. ಸುಂಕದ ಕಟ್ಟೆಗೆ ‘ಘಟ್ಟಕುಟೀ’ ಎಂದು ಹೆಸರು. ಸುಂಕ ತಪ್ಪಿಸಲೆಂದು ರಾತ್ರಿಯೆಲ್ಲ ಅಡ್ಡದಾರಿಯಲ್ಲಿ ಅಲೆದ ವರ್ತಕನು ಬೆಳಗಾಗುವಾಗ ಸುಂಕದ ಕಟ್ಟೆಯೆದುರಿಗೇ ಬಂದು ನಿಂತನೆಂಬ ಘಟ್ಟಕುಟೀಪ್ರಭಾತನ್ಯಾಯವನ್ನು ಶಾಸ್ತ್ರಾಭ್ಯಾಸಿಗಳೆಲ್ಲರೂ ಬಲ್ಲರು. ಅನಮೋಡದ ತಪಾಸಣೆಯ ಠಾಣೆಯನ್ನು ಕಂಡವರಿಗೆ ಈ ನ್ಯಾಯಕ್ಕೆ ಬೇರೆ ವ್ಯಾಖ್ಯಾನವೇ ಬೇಡ.

ಇನ್ನು ಪ್ರಕೃತಕ್ಕೆ ಬರೋಣ. ಗೋವೆಯನ್ನಾಳಿದ ಕದಂಬರು ‘ಬನವಾಸಿಪುರವರಾಧೀಶ್ವರ’ರೆಂದು ಬಿರುದು ಧರಿಸಿದವರು, ಅಂದರೆ ಘಟ್ಟದ ಮೇಲಿನ ಮೂಲವನ್ನು ಹೆಮ್ಮೆಯಿಂದ ಹೇಳಿಕೊಂಡವರು. ಹಲಸಿಗೆ ಹನ್ನೆರಡು ಸಾಸಿರವೂ ಕೊಂಕಣ ಒಂಬೈನೂರೂ ಒಂದೇ ಆಳ್ವಿಕೆಗೆ ಸೇರಿದ್ದಾಗ, ಇಂದು ಎರಡು ರಾಜ್ಯಗಳ ಗಡಿಯಾಗಿರುವ ಘಟ್ಟವು ಮನೆಯೊಳಗಣ ಮೆಟ್ಟಿಲಿನಂತಿದ್ದಿತು. ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಜಯಕೇಶಿಯು ಚಂದ್ರಪುರದಲ್ಲಿದ್ದ ರಾಜಧಾನಿಯನ್ನು ಜುವಾರಿ ನದಿಯ ದಡದ ಗೋಪಕಪಟ್ಟಣಕ್ಕೆ ತಂದನು. ಈ ಅರಸನ 1059ರ ಪಣಜಿಯ ತಾಮ್ರಶಾಸನವು ನಮ್ಮ ವಿಷಯಕ್ಕೆ ಅತ್ಯಂತ ಉಪಯುಕ್ತವಾದುದು. ಅರಬ್ಬೀ ವರ್ತಕರ ಕುಲದಲ್ಲಿ ಹುಟ್ಟಿದ ಛಡಮನೆಂಬವನು ಅದರಲ್ಲಿ ರಾಜನ ಅಧಿಕಾರಿಯಾಗಿ ಕಾಣುತ್ತಾನೆ. ರೇವಿಗೆ ಬರುವ ಹಡಗುಗಳ ಸುಂಕದಿಂದ ಮಿಜಿಗಿತಿಯ, ಎಂದರೆ ಮಸೀದಿಯ, ನಿರ್ವಾಹಕ್ಕೆ ಏರ್ಪಾಡಾಗಿದೆ. ಶಿವಭಕ್ತನಾದ ಅರಸನು ಪರಧರ್ಮದವನಿಗೆ ಪದವಿಯನ್ನೂ ಅವನ ದೇವಮಂದಿರಕ್ಕೆ ವೃತ್ತಿಯನ್ನೂ ಕೊಟ್ಟುದು ಕೇವಲ ಔದಾರ್ಯದಿಂದಲ್ಲವೆಂದು ನಮ್ಮ ಅಭಿಪ್ರಾಯ. ವಿಸ್ತಾರವಾದ ಬಯಲಿಲ್ಲದ ಕಿರುನಾಡು ರೇವನ್ನು ನಂಬಿ ಬಾಳಬೇಕು. ರೇವು ಪರಸ್ಥಳದವರನ್ನು ನಂಬಿ ಬಾಳಬೇಕು.

ಹೀಗೆ ಕಡಲಿನಿಂದ ಬಂದ ಸಂಪತ್ತು ಕಡಲ ತೀರದಲ್ಲಿಯೇ ಉಳಿಯಲಿಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಮಗಳು ಮೈಲಲದೇವಿಯು ಎರಡನೆಯ ಜಯಕೇಶಿಯ ಕೈಹಿಡಿದಳು. ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿಯು ದೇಗಾಂವೆಯಲ್ಲಿ ಕಮಲನಾರಾಯಣನ ಗುಡಿಯನ್ನು ಕಟ್ಟಿಸಿದಳು. ಹಲಸಿಯ ನರಸಿಂಹ ದೇವಾಲಯವೂ ಇದೇ ಕಾಲದ್ದು. ಇವೆರಡೂ ಘಟ್ಟದ ಮೇಲಿನವು. ಘಟ್ಟದ ಬುಡದ ಕಾಡಿನೊಳಗೆ, ಅನಮೋಡದಿಂದ ಇಳಿದವರಿಗೆ ಸಮೀಪದಲ್ಲಿರುವ ತಾಂಬಡಿ ಸುರ್ಲೆಯ ಮಹಾದೇವಾಲಯವನ್ನು ಕಂಡವರು ಅದರ ಕಂಬಗಳಲ್ಲಿ ಕನ್ನಡನಾಡಿನ ಶಿಲ್ಪಿಗಳ ಕೈಯನ್ನು ಗುರುತಿಸದಿರಲಾರರು. ಅದರ ಕಲ್ಲನ್ನೂ ಮೇಲಿನಿಂದಲೇ ಹೊತ್ತು ತಂದರೆಂಬುದು ಹಲವರ ಮತ.

ಮುಂದೆ ವಿಜಯನಗರದವರು ಅರಬ್ಬೀ ಕುದುರೆಗಳಿಗಾಗಿ ಈ ರೇವನ್ನು ಬಯಸಿದರು. ಬಹಮನಿಯವರು 1472ರಲ್ಲಿ ಅದನ್ನು ಕಿತ್ತುಕೊಂಡರು. 1510ರಲ್ಲಿ ಅದು ಪೋರ್ತುಗೀಜರ ವಶವಾಯಿತು. ಆಗಲೂ ರೇವಿಗೆ ವ್ಯಾಪಾರ ಕಡಿಮೆಯಾಗಲಿಲ್ಲ. ಆಶ್ರಯ ಮಾತ್ರ ಇಲ್ಲದಾಯಿತು. 1560ರಲ್ಲಿ ಧರ್ಮವಿಚಾರಣೆಯ ನ್ಯಾಯಸ್ಥಾನವು ಸ್ಥಾಪಿತವಾಯಿತು. ಅದೇ ವರ್ಷ ಕುಶಸ್ಥಳಿಯ ಮಂಗೇಶನನ್ನು ಭಕ್ತರು ಪೋರ್ತುಗೀಜರ ಎಲ್ಲೆಯಾಚೆ, ಆಗ ಆದಿಲಶಾಹಿಗೆ ಸೇರಿದ್ದ ಅಂತ್ರುಜಕ್ಕೆ ಒಯ್ದರು. ಸಾರಸ್ವತರು ಅಂಕೋಲೆ, ಕುಮಟೆ, ಭಟ್ಕಳ, ಮಂಗಳೂರುಗಳವರೆಗೂ ಚದುರಿದರು. ಹೊಸದಾಗಿ ಕ್ರೈಸ್ತರಾದವರಲ್ಲಿಯೂ ಅನೇಕರು ಕನ್ನಡ ಕರಾವಳಿಗೆ ಬಂದು ನೆಲಸಿದರೆಂಬುದು ಗಮನಾರ್ಹ. ಆ ನ್ಯಾಯಸ್ಥಾನವು ನಡುವೆ ಕೆಲವೇ ವರ್ಷ ನಿಂತು, ಕೊನೆಗೆ 1812ರಲ್ಲಿ ರದ್ದಾಯಿತು. ತೆಂಗೂ ಕಡಲೂ ಆಗಲೂ ಇದ್ದಲ್ಲಿಯೇ ಇದ್ದುವಷ್ಟೆ!

ಕಾಲದ ವಿಚಿತ್ರಗತಿಯನ್ನು ನೋಡಿರಿ. ಹದಿನೆಂಟನೆಯ ಶತಮಾನದಲ್ಲಿ ಹೈದರನು ಸೋದೆಯನ್ನು ಮುತ್ತಿದಾಗ ಅಲ್ಲಿನ ಅರಸು ಇಮ್ಮಡಿ ಸದಾಶಿವನು ಆಶ್ರಯಕ್ಕಾಗಿ ಓಡಿದುದು ಅದೇ ಗೋವೆಗೆ. ಫೋಂಡಾ ಮೊದಲಾದ ಸೀಮೆಗಳು ಪೋರ್ತುಗೀಜರ ಕೈಸೇರಿದುವು. ಅರಸನ ಮನೆತನ ಬಾಂದೋಡೆಯಲ್ಲಿ ನೆಲಸಿತು. ಈ ಹೊಸ ಸೀಮೆಗಳ ಪ್ರಜೆಗಳಿಗೆ ಅವರವರ ಧರ್ಮಾಚಾರವನ್ನು ಬಿಟ್ಟುಕೊಡಬೇಕಾಯಿತು. ಎರಡು ಶತಮಾನಗಳಲ್ಲಿ ಕಲಿತ ಪಾಠವದು.

1878ರ ಆಂಗ್ಲ-ಪೋರ್ತುಗೀಜ ಒಪ್ಪಂದದ ತರುವಾಯ ಮುರಗಾಂವ ಬಂದರಿನಿಂದ ಹೊರಟ ರೈಲುದಾರಿಯು ಅನಮೋಡಕ್ಕೆ ನೆರೆಯ ಕ್ಯಾಸಲ್‌ರಾಕಿನಲ್ಲಿ ಘಟ್ಟವೇರಿ ಬ್ರಿಟಿಷ್ ಸೀಮೆಯನ್ನು ಸೇರಿತು. ಕಾಡಿನ ನಡುವಣ ಆ ನಿಲ್ದಾಣವು ಎರಡು ಸಾಮ್ರಾಜ್ಯಗಳ ಸುಂಕದ ಬಾಗಿಲಾಯಿತು. 1955ರಲ್ಲಿ ಆ ಬಾಗಿಲು ಮುಚ್ಚಿತು. 1961ರ ಡಿಸೆಂಬರ್ 19ರಂದು ಗೋವೆ ವಿಮುಕ್ತವಾದ ಮೇಲೆ ಮತ್ತೆ ತೆರೆಯಿತು.

ಆ ಬಳಿಕ ಇಳಿದವರು ಅರಸರಲ್ಲ. ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ, ಬೆಳಗಾವಿ ಕಡೆಯ ಮಳೆ ನಂಬಿದ ಒಕ್ಕಲು ಮಕ್ಕಳು; ರಸ್ತೆ, ಕಟ್ಟಡ, ಬಂದರು, ಗಣಿ, ಮೀನುದೋಣಿಗಳಲ್ಲಿ ಕೂಲಿಗೆ ನಿಂತವರು. 1987ರ ಮೇ 30ರಂದು ಗೋವೆ ಪ್ರತ್ಯೇಕ ರಾಜ್ಯವಾಯಿತು. 2011ರ ಜನಗಣತಿಯಲ್ಲಿ ಅಲ್ಲಿನ 14.58 ಲಕ್ಷ ಜನರಲ್ಲಿ ನೂರಕ್ಕೆ ನಾಲ್ಕೂವರೆಗೂ ಮಿಗಿಲಾದವರು ಕನ್ನಡವನ್ನು ತಾಯ್ನುಡಿಯಾಗಿ ಬರೆಯಿಸಿದರು. ತಲಾ ಆದಾಯದಲ್ಲಿ ದೇಶದ ಮುಂಚೂಣಿಯಲ್ಲಿರುವ ಈ ರಾಜ್ಯದ ಸಿರಿಯಲ್ಲಿ ಅವರ ಬೆವರಿನ ಪಾಲೆಷ್ಟೆಂಬುದನ್ನು ಯಾವ ತಾಮ್ರಶಾಸನವೂ ಹೇಳುವುದಿಲ್ಲ. ಸ್ಥಳೀಯರ ಅಂಜಿಕೆಯೂ ಅಕಾರಣವಾದುದೆನ್ನಲಾಗದು: ನೆಲ ಕಿರಿದು, ಕೊಂಕಣಿಯನ್ನಾಡುವವರ ಸಂಖ್ಯೆಯೂ ಪರಿಮಿತ. ಆದರೂ 2004ರಲ್ಲಿ ವಾಸ್ಕೋದ ಬೈನಾ ತೀರದ ವಸತಿಗಳನ್ನು ಮಳೆಗಾಲದಲ್ಲಿ ಕೆಡಹಿದಾಗ ಅಲ್ಲಿದ್ದ ಕನ್ನಡ ಕುಟುಂಬಗಳು ನೆಲೆತಪ್ಪಿದುದನ್ನು, 1059ರ ಶಾಸನವನ್ನೋದಿದವನು ಖೇದವಿಲ್ಲದೆ ನೆನೆಯಲಾರನು.

ಇಷ್ಟಾದರೂ ದಾರಿ ಬರಿದಾಗಿಲ್ಲ. ಕದಂಬರು ರೇವಿನ ಹೊನ್ನಿನಿಂದ ಮೇಲೆ ಗುಡಿ ಕಟ್ಟಿಸಿದಂತೆ, ಇವರೂ ಅಲ್ಲಿ ಗಳಿಸಿದುದನ್ನು ಊರಿಗೆ ಕಳುಹಿ ಮಾಳಿಗೆಯ ಮನೆಗೆ ಹೆಂಚು ಹೊದಿಸುತ್ತಾರೆ, ಹೆಣ್ಣುಮಕ್ಕಳ ಮದುವೆ ಮಾಡುತ್ತಾರೆ. ಊರದೇವರ ಜಾತ್ರೆಗೆ ಘಟ್ಟವೇರಿ ಬಂದು, ತೇರು ನಿಂತ ಮರುದಿನ ಮತ್ತೆ ಇಳಿಯುತ್ತಾರೆ.