ನೋವಿಗೆ ಮುನ್ನವೇ ಕೊಡುವ ಮದ್ದು



ಪುಟ್ಟ ಬಾಲಕನ ಮೊಣಕಾಲು ಕಾರಣವಿಲ್ಲದೆ ಊದಿಕೊಂಡರೆ ನಮ್ಮ ಹಳ್ಳಿಗಳಲ್ಲಿ ಉಳುಕೆಂದು ನೀವುತ್ತಾರೆ. ಪದೇ ಪದೇ ಊದಿದರೆ ಶಾಪವೆನ್ನುತ್ತಾರೆ. ಕುಸುಮ ರೋಗವೆಂದೂ ಕರೆಯಲಾಗುವ ಹಿಮೋಫಿಲಿಯಾ ಶಾಪವಲ್ಲ. ರಕ್ತವನ್ನು ಹೆಪ್ಪುಗಟ್ಟಿಸುವ ಎಂಟನೆಯ ಅಥವಾ ಒಂಬತ್ತನೆಯ ಫ್ಯಾಕ್ಟರ್ ಕೊರತೆಯಿಂದ ಕೀಲಿನೊಳಗೇ ರಕ್ತ ಸುರಿಯುತ್ತದೆ. ನೀವುವುದರಿಂದ ಅದು ಉಲ್ಬಣಿಸುತ್ತದೆ.

ಇದರ ಸುಳಿವು ಪುರಾತನವಾದುದು. ಸುನ್ನತಿಯಿಂದ ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡ ತಾಯಿಯ ಮೂರನೆಯ ಮಗನಿಗೆ ಆ ವಿಧಿ ಬೇಡವೆಂದು ಎರಡನೆಯ ಶತಮಾನದ ಯೆಹೂದಿ ಗುರುಗಳು ತೀರ್ಪಿತ್ತರು. ಕಟ್ಟಳೆಗಿಂತ ಮಗುವಿನ ಜೀವ ದೊಡ್ಡದೆಂಬ ವಿವೇಕ ಅದರಲ್ಲಿತ್ತು.

ಆದರೆ ಪರಿಹಾರ ದೊರೆತದ್ದು ತೀರಾ ಈಚೆಗೆ. ಫ್ಯಾಕ್ಟರ್ ಪ್ರಮಾಣ ಶೇಕಡಾ 1ಕ್ಕಿಂತ ಹೆಚ್ಚಿರುವವರ ಕೀಲುಗಳು ಅಷ್ಟಾಗಿ ಕೆಡುವುದಿಲ್ಲವೆಂಬುದನ್ನು ಗಮನಿಸಿದ ಸ್ವೀಡನ್ನಿನ ವೈದ್ಯೆ ಇಂಗಾ ಮೇರಿ ನಿಲ್ಸನ್, 1958ರಲ್ಲಿ ಮಾಲ್ಮೊ ನಗರದಲ್ಲಿ, ರಕ್ತಸ್ರಾವಕ್ಕೆ ಕಾಯದೆ ಮಕ್ಕಳಿಗೆ ನಿಯತವಾಗಿ ಫ್ಯಾಕ್ಟರ್ ನೀಡತೊಡಗಿದರು. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಇದನ್ನು ದೃಢಪಡಿಸಿತು: ಮುಂಜಾಗ್ರತಾ ಚಿಕಿತ್ಸೆ ಪಡೆದ ಬಾಲಕರಲ್ಲಿ ಶೇಕಡಾ 93 ಮಂದಿಯ ಕೀಲುಗಳು ಸುಸ್ಥಿತಿಯಲ್ಲಿದ್ದವು, ರಕ್ತ ಸುರಿದಾಗ ಮಾತ್ರ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 55 ಮಾತ್ರ.

ನಮ್ಮ ನಾಡಿನಲ್ಲಿ ಈ ಅರಿವಿನ ದೀಪ ಹಿಡಿದವರು, ಸ್ವತಃ ಇದೇ ತೊಂದರೆಯೊಡನೆ ಬಾಳಿ ವೈದ್ಯರಾದ ದಾವಣಗೆರೆಯ ಡಾ. ಸುರೇಶ್ ಹನಗವಾಡಿ ಮತ್ತು ಅಲ್ಲಿನ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳೊಂದಿಗೆ ವಿಜಯನಗರ ಜಿಲ್ಲೆಯ ಪಾಲಾಯಿತು. ಜಿಲ್ಲೆಯ ಗಡಿ ಬದಲಾಗಬಹುದು. ಮಗುವಿನ ಕೀಲು ಕಾಯುವುದಿಲ್ಲ. ಎಂಟನೆಯ ಫ್ಯಾಕ್ಟರ್ ರಕ್ತದಲ್ಲಿ ಬೇಗ ಕರಗುವುದರಿಂದ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ ಚುಚ್ಚಿಸಿಕೊಳ್ಳಬೇಕು. ದೂರದ ಹಳ್ಳಿಯ ಕೂಲಿಕಾರ ತಂದೆಗೆ ಪ್ರತಿಯೊಂದು ಪಯಣವೂ ಒಂದು ದಿನದ ಕೂಲಿ, ಮಗನಿಗೆ ಒಂದು ದಿನದ ಶಾಲೆ. ಆದುದರಿಂದಲೇ ಮದ್ದು ಊರಿನ ಸಮೀಪಕ್ಕೆ ಬರಬೇಕು. ಎಂಟನೆಯ ಫ್ಯಾಕ್ಟರ್ ಕೊರತೆಗೆ 2017ರಿಂದ ಬಳಕೆಗೆ ಬಂದ ಎಮಿಸಿಝುಮ್ಯಾಬ್ ಚರ್ಮದಡಿ ಕೊಡುವ ಚುಚ್ಚುಮದ್ದು. ವಾರಕ್ಕೊಮ್ಮೆ, ಕೆಲವರಿಗೆ ನಾಲ್ಕು ವಾರಕ್ಕೊಮ್ಮೆ ಸಾಕು. ಅದರ ಬೆಲೆ ಮಾತ್ರ ಬಡವರ ಕೈಗೆಟುಕದು. ಸರ್ಕಾರವೇ ಹೊಣೆ ಹೊರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹಿಮೋಫಿಲಿಯಾವನ್ನೂ ಒಳಗೊಂಡಿರುವುದನ್ನು ಮರೆಯದಿರೋಣ.

ಕೊನೆಯದಾಗಿ, ತಾಯಿಯನ್ನು ದೂಷಿಸಬೇಡಿ. ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳ ಮನೆತನದಲ್ಲಿ ಈ ರೋಗದ ಹಿಂದಿನ ಕುರುಹೇ ಇರುವುದಿಲ್ಲ. ನಿಮ್ಮ ನೆರೆಯ ಮಗುವಿನ ಕೀಲು ಮತ್ತೆ ಮತ್ತೆ ಊದುತ್ತಿದ್ದರೆ ನೀವಿಸದೆ, ಆಸ್ಪಿರಿನ್ ನುಂಗಿಸದೆ, ರಕ್ತಪರೀಕ್ಷೆಗೆ ಕಳುಹಿಸಿ. ಆ ಒಂದು ಮಾತು ಒಬ್ಬ ಬಾಲಕನನ್ನು ಊರುಗೋಲಿನಿಂದ ಉಳಿಸೀತು.