ಕೆಲಸ ಬಲ್ಲವರನ್ನು ಕೇಳಿ

ಮದುವೆಮನೆಯ ಯಜಮಾನಿಗೆ ತಲೆತಲಾಂತರದಿಂದ ಗೊತ್ತಿರುವ ಒಂದು ವಿದ್ಯೆ ಕಂಪ್ಯೂಟರ್ ಪಂಡಿತರಿಗೆ ಹೊಳೆದದ್ದು 1960ರ ದಶಕದಲ್ಲಿ. ‘ಇನ್ನೂರು ಎಲೆ, ಹನ್ನೆರಡಕ್ಕೆ ಊಟ ಸಿದ್ಧವಾಗಬೇಕು’ ಎಂದು ಅಡಿಗೆಯವರಿಗೆ ಹೇಳುತ್ತಾಳೆಯೇ ಹೊರತು, ಹುಳಿಗೆ ಉಪ್ಪು ಎಷ್ಟೆಂದು ಹೇಳಲು ಆಕೆ ಹೋಗುವುದಿಲ್ಲ. ಉಪ್ಪಿನ ಲೆಕ್ಕ ಅವರದು. ಉಗ್ರಾಣದ ಬೀಗದ ಕೈ ಚಿಕ್ಕಮ್ಮನ ಸೊಂಟದಲ್ಲಿ. ಬೆಲ್ಲ ಬೇಕಾದವರು ಅವರನ್ನೇ ಕೇಳಬೇಕು, ತಾವೇ ಒಳಗೆ ನುಗ್ಗುವಂತಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಹೊಣೆ, ಆ ಹೊಣೆಗೆ ಬೇಕಾದ ಸಾಮಾನು ಅವರವರ ವಶ. ‘ಆಬ್ಜೆಕ್ಟ್ ಓರಿಯೆಂಟೆಡ್’ ಎಂಬ ಭಾರೀ ಹೆಸರಿನ ಹಿಂದಿರುವುದು ಇಷ್ಟೇ.

ಅದಕ್ಕೆ ಮೊದಲು ಪ್ರೋಗ್ರಾಮ್ ಎಂದರೆ ಸಾಮಾನ್ಯವಾಗಿ ಆಜ್ಞೆಗಳ ಒಂದು ಉದ್ದನೆಯ ಪಟ್ಟಿ. ಮಾಹಿತಿ ಒಂದು ಕಡೆ, ಕೆಲಸ ಇನ್ನೊಂದು ಕಡೆ. ಯಾರು ಬೇಕಾದರೂ ಯಾವ ಡಬ್ಬಕ್ಕಾದರೂ ಕೈ ಹಾಕಬಹುದಿತ್ತು. ಇಲ್ಲಿ ತಿದ್ದಿದರೆ ಅಲ್ಲೆಲ್ಲೋ ಕೆಡುತ್ತಿತ್ತು.

ನಾರ್ವೆ ದೇಶದ ಓಸ್ಲೊ ನಗರದಲ್ಲಿ ಕ್ರಿಸ್ಟನ್ ನೈಗಾರ್ಡ್ ಮತ್ತು ಓಲೆ-ಯೋಹಾನ್ ಡಾಲ್ ಎಂಬಿಬ್ಬರು ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್‌ನಲ್ಲಿದ್ದರು. ಜನ ಸರದಿಯಲ್ಲಿ ಕಾಯುವುದು, ಸರಕು ಒಂದು ಯಂತ್ರದಿಂದ ಮತ್ತೊಂದಕ್ಕೆ ಸಾಗುವುದು, ಇಂಥ ದಿನನಿತ್ಯದ ವ್ಯವಹಾರವನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ನೋಡಬೇಕೆಂಬುದು ಅವರ ಆಸೆ. ಅದಕ್ಕಾಗಿ 1962ರಿಂದ ‘ಸಿಮ್ಯುಲಾ’ ಎಂಬ ಭಾಷೆಯನ್ನು ಕಟ್ಟತೊಡಗಿದರು. 1967ರಲ್ಲಿ ಹೊರಬಂದ ಸಿಮ್ಯುಲಾ 67ರಲ್ಲಿ ‘ಕ್ಲಾಸ್’ ಮತ್ತು ‘ಆಬ್ಜೆಕ್ಟ್’ ಎಂಬ ಎರಡು ಮಾತುಗಳು ನೆಲೆಗೊಂಡವು.

ನಮ್ಮ ಶಾಲೆಯ ಕ್ಲಾಸ್ ಅಲ್ಲ ಇದು. ‘ಜಾತಿ’ ಎನ್ನಿ, ‘ಬಗೆ’ ಎನ್ನಿ. ಉದ್ಯೋಗಸ್ಥ ಹೆಂಗಸರಿಗೆ ಚಿರಪರಿಚಿತವಾದ ರಜೆಯನ್ನೇ ತೆಗೆದುಕೊಳ್ಳೋಣ. ಸಾಂದರ್ಭಿಕ ರಜೆ, ಗಳಿಕೆ ರಜೆ, ಹೆರಿಗೆ ರಜೆ ಎಲ್ಲವೂ ರಜೆಯೇ. ಎಲ್ಲಕ್ಕೂ ಆರಂಭದ ದಿನ, ಮುಗಿಯುವ ದಿನ, ಮೇಲಿನವರ ಸಹಿ ಉಂಟು. ಇವಿಷ್ಟನ್ನೂ ‘ರಜೆ’ ಎಂಬಲ್ಲಿ ಒಂದೇ ಸಲ ಬರೆದಿಟ್ಟರೆ ಉಳಿದವು ಅದನ್ನು ತಾಯಿಯಿಂದ ಪಡೆದಂತೆ ಪಡೆಯುತ್ತವೆ. ತಮ್ಮ ತಮ್ಮ ವಿಶೇಷವನ್ನಷ್ಟೇ ಸೇರಿಸಿಕೊಳ್ಳುತ್ತವೆ. ನಾಳೆ ಹೊಸದೊಂದು ರಜೆ ಬಂದರೆ ಹಳೆಯದನ್ನು ಕೆಡವಬೇಕಾಗಿಲ್ಲ.

ಇದನ್ನು ಮುಂದಕ್ಕೊಯ್ದವರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದವರು ಪ್ರಮುಖರು. ‘ಆಬ್ಜೆಕ್ಟ್ ಓರಿಯೆಂಟೆಡ್’ ಎಂದು ಹೆಸರಿಟ್ಟ ಅಲನ್ ಕೇ ಅವರ ಜೊತೆಗೆ ಅಡೆಲ್ ಗೋಲ್ಡ್‌ಬರ್ಗ್ ಎಂಬ ಮಹಿಳೆ ‘ಸ್ಮಾಲ್‌ಟಾಕ್’ ಭಾಷೆಗಾಗಿ ದುಡಿದರು. ಶಾಲಾಮಕ್ಕಳಿಗೆ ಅದನ್ನು ಕಲಿಸಿ, ಅವರು ಎಲ್ಲಿ ತಡವರಿಸುತ್ತಾರೆಂದು ನೋಡಿದರು. ಮೇಷ್ಟರ ಬುದ್ಧಿ! ಮುಂದೆ 1984ರಿಂದ 86ರವರೆಗೆ ಅವರು ಎಸಿಎಂ ಎಂಬ ಕಂಪ್ಯೂಟರ್ ತಜ್ಞರ ದೊಡ್ಡ ಸಂಘದ ಅಧ್ಯಕ್ಷರೂ ಆದರು.

ಪ್ರೋಗ್ರಾಮ್ ಬರೆಯುವ ಮೊದಲು ಯಾರಿಗೆ ಯಾವ ಹೊಣೆ ಎಂದು ಕೂತು ಯೋಚಿಸುವುದೇ ವಿಶ್ಲೇಷಣೆ ಮತ್ತು ವಿನ್ಯಾಸ. 1989ರಲ್ಲಿ ಕೆಂಟ್ ಬೆಕ್ ಮತ್ತು ವಾರ್ಡ್ ಕನಿಂಗ್‌ಹ್ಯಾಮ್ ಇದಕ್ಕೆ ಸಾಧಾರಣ ರಟ್ಟಿನ ಚೀಟಿಗಳ ಉಪಾಯ ಸೂಚಿಸಿದರು. ಒಂದು ಚೀಟಿಗೆ ಒಂದು ಹೆಸರು, ಅದರ ಕೆಳಗೆ ಅದರ ಹೊಣೆ, ಪಕ್ಕದಲ್ಲಿ ಅದಕ್ಕೆ ನೆರವಾಗುವವರು. ಅದೇ ವರ್ಷ ರೆಬೆಕ್ಕಾ ವಿರ್ಫ್ಸ್-ಬ್ರಾಕ್ ಎಂಬ ಮಹಿಳೆಯೂ ತಮ್ಮ ಸಹೋದ್ಯೋಗಿಯೊಡನೆ ಹೊಣೆಯನ್ನೇ ಮುಖ್ಯವಾಗಿಸಿಕೊಂಡ ವಿನ್ಯಾಸದ ದಾರಿಯನ್ನು ಬರೆದು ತಿಳಿಸಿದರು. ಸ್ವೀಡನ್ನಿನ ಈವಾರ್ ಯಾಕೊಬ್‌ಸನ್ ಮೊದಲು ಕೇಳಬೇಕೆಂದ ಪ್ರಶ್ನೆ ಇನ್ನೂ ಸರಳ: ಇದನ್ನು ಬಳಸುವವರು ಯಾರು, ಏತಕ್ಕಾಗಿ? ಹೀಗೆ ಹಲವರು ಹಲವು ರೀತಿ ಬರೆಯುತ್ತಿದ್ದ ನಕ್ಷೆಗಳನ್ನು ಒಂದುಗೂಡಿಸಿದ ‘ಯುಎಂಎಲ್’ಗೆ 1997ರಲ್ಲಿ ಮನ್ನಣೆ ಸಿಕ್ಕಿತು.

ಆ ಪ್ರಶ್ನೆ ಕೇಳದಿದ್ದರೆ ಏನಾಗುತ್ತದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಕೆಲಸ ಮಾಡುತ್ತಿದ್ದ ಒಂದು ಶಾಲೆಗೆ ದಾಖಲಾತಿಯ ಪ್ರೋಗ್ರಾಮ್ ಬಂತು. ಅದರಲ್ಲಿ ಮಕ್ಕಳು ಎರಡೇ ಬಗೆ: ಓದುತ್ತಿರುವವರು, ಶಾಲೆ ಬಿಟ್ಟವರು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಾಯಿಯ ಕಾಯಿಲೆಗೆಂದು ನಾಲ್ಕು ತಿಂಗಳು ಮನೆಯಲ್ಲಿ ಉಳಿದು, ಮತ್ತೆ ಬಂದಳು. ಬಿಟ್ಟವಳು ಮರಳಿ ಬರಬಹುದೆಂಬುದು ಆ ಪ್ರೋಗ್ರಾಮಿಗೆ ಗೊತ್ತೇ ಇರಲಿಲ್ಲ! ಎದುರಿನ ಬೆಂಚಿನಲ್ಲಿ ಹುಡುಗಿ ಕೂತಿದ್ದಾಳೆ, ಪರೀಕ್ಷೆಯ ಪಟ್ಟಿಯಲ್ಲಿ ಹೆಸರಿಲ್ಲ. ನಮ್ಮ ಗುಮಾಸ್ತೆ ಮೂರು ಸಲ ಪತ್ರ ಹಿಡಿದು ಓಡಾಡಿದ ಮೇಲೆ ಹೆಸರು ಸೇರಿತು. ಹಾಜರಿ ಪುಸ್ತಕ ಬರೆಯುವ ಯಾವ ಟೀಚರನ್ನು ಕೇಳಿದ್ದರೂ ಮೊದಲೇ ಹೇಳುತ್ತಿದ್ದರು: ಹೆಣ್ಣುಮಕ್ಕಳು ಹೋಗುತ್ತಾರೆ, ಬರುತ್ತಾರೆ, ಬಂದಾಗ ಬಾಗಿಲು ತೆರೆದಿರಬೇಕು. ಯಾರೂ ಕೇಳಿರಲಿಲ್ಲ.

ನೈಗಾರ್ಡರ ಬಗ್ಗೆ ನನಗೆ ಗೌರವ ಹೆಚ್ಚುವುದು ಇಲ್ಲಿ. ತಮ್ಮ ಭಾಷೆಯ ಬಲದಿಂದಲೇ ಕಾರ್ಖಾನೆಯ ಕೆಲಸಗಾರರ ದುಡಿಮೆಯನ್ನು ಅವರನ್ನು ಕೇಳದೆ ಬದಲಾಯಿಸಬಹುದೆಂದು ಅವರಿಗೆ ಅರಿವಾಯಿತು. 1970ರ ನಂತರ ಅವರು ನಾರ್ವೆಯ ಕಬ್ಬಿಣ ಮತ್ತು ಲೋಹ ಕೆಲಸಗಾರರ ಸಂಘದ ಜೊತೆ ನಿಂತು, ಕಂಪ್ಯೂಟರ್ ಬರುವಾಗ ಏನು ಕೇಳಬೇಕೆಂದು ಕೆಲಸಗಾರರೇ ಕಲಿಯಲು ನೆರವಾದರು. 1975ರಲ್ಲಿ ಕಾರ್ಮಿಕರಿಗೂ ಮಾಲೀಕರಿಗೂ ದೇಶಮಟ್ಟದಲ್ಲಿ ಒಪ್ಪಂದವಾಗಿ, ಹೊಸ ಯಂತ್ರವ್ಯವಸ್ಥೆಯ ವಿಷಯದಲ್ಲಿ ಕೆಲಸಗಾರರಿಗೆ ಮಾತಿನ ಹಕ್ಕು ದೊರೆಯಿತು. 2001ರ ಟ್ಯೂರಿಂಗ್ ಪ್ರಶಸ್ತಿ ನೈಗಾರ್ಡ್ ಮತ್ತು ಡಾಲ್ ಇಬ್ಬರಿಗೂ ಸಂದಿತು. ಮರುವರ್ಷ ಆರೇ ವಾರಗಳ ಅಂತರದಲ್ಲಿ ಇಬ್ಬರೂ ತೀರಿಕೊಂಡರು.

ಬ್ಯಾಂಕು, ಆಸ್ಪತ್ರೆ, ಪಡಿತರ, ಶಾಲೆ ಎಲ್ಲ ಕಡೆಯೂ ನಾವು ಯಾರೋ ಬರೆದ ಒಂದು ‘ಬಗೆ’ಯೊಳಗೆ ಸೇರಿದವರೇ. ನಮ್ಮ ಮಕ್ಕಳು ಅನೇಕರು ಅದನ್ನೇ ಬರೆಯುವ ಉದ್ಯೋಗದಲ್ಲಿದ್ದಾರೆ. ಹಬ್ಬಕ್ಕೆ ಮನೆಗೆ ಬಂದಾಗ ಸಂಬಳದ ಮಾತಿನ ನಡುವೆ ಇದನ್ನೂ ಕೇಳಿನೋಡಿ: ‘ಕೌಂಟರಿನಲ್ಲಿ ಕೂರುವವಳನ್ನು, ಸಾಲಿನಲ್ಲಿ ನಿಲ್ಲುವವಳನ್ನು ಕೇಳಿಕೊಂಡು ಬರೆದೆಯಾ ಮಗೂ?’