ಯಾರೂ ತೆರೆಯದ ಡಬ್ಬಿ

ನಿಮ್ಮ ಲ್ಯಾಪ್‌ಟಾಪ್ ಚಾರ್ಜರನ್ನೊಮ್ಮೆ ಕೈಲಿ ಹಿಡಿದು ನೋಡಿ. ಗೋಡೆಯ 230 ವೋಲ್ಟನ್ನು ಇಪ್ಪತ್ತರ ಆಸುಪಾಸಿಗೆ ಇಳಿಸೋ ಕೆಲಸ ಅದರದ್ದು. ಹಿಂದೆ ಇದಕ್ಕೆ ಇಟ್ಟಿಗೆಯಷ್ಟು ಭಾರದ ಟ್ರಾನ್ಸ್‌ಫಾರ್ಮರ್ ಬೇಕಿತ್ತು. ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕೊಟ್ಟರೆ ಪುಟ್ಟ ಟ್ರಾನ್ಸ್‌ಫಾರ್ಮರೇ ಸಾಕು ಅನ್ನೋ ಉಪಾಯದ ಹೆಸರು ಎಸ್‌ಎಂಪಿಎಸ್. 1977ರ ಆಪಲ್ II ಕಂಪ್ಯೂಟರಿನಲ್ಲಿ ಅದಾಗಲೇ ಇತ್ತು. ನಮ್ಮ ಕಡೆಗೆ ಅದು ಬಂದ ದಾರಿಗಳಲ್ಲಿ ಎರಡು ನನಗೆ ಮುಖ್ಯ ಅನ್ನಿಸುತ್ತೆ: ಒಂದು ಶಾಲೆಯದ್ದು, ಇನ್ನೊಂದು ಟಿವಿ ರಿಪೇರಿ ಅಂಗಡಿಯದ್ದು.

ಮೊದಲು ಶಾಲೆಯ ದಾರಿ. 1984-85ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಅನ್ನೋ ಯೋಜನೆ ಶುರುಮಾಡಿತು. ದೇಶದ ಸುಮಾರು 250 ಶಾಲೆಗಳಿಂದ ಆರಂಭ. ಅದಕ್ಕೆ ಆರಿಸಿದ್ದು ಇಂಗ್ಲೆಂಡಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ: 1981ರ ಯಂತ್ರ, 32 ಕಿಲೋಬೈಟ್ ಮೆಮೊರಿ. ಈಗ ನಿಮ್ಮ ಫೋನಿನ ಒಂದು ಫೋಟೋ ಅದರಲ್ಲಿ ಹಿಡಿಸಲ್ಲ.

ಇನ್ನೊಂದು ದಾರಿ ಅದಕ್ಕಿಂತ ಎರಡು ವರ್ಷ ಮುಂಚಿನದು. 1982ರಲ್ಲಿ ಏಷ್ಯನ್ ಗೇಮ್ಸ್ ವರ್ಷ ದೂರದರ್ಶನಕ್ಕೆ ಬಣ್ಣ ಬಂತು. ಮನೆಮನೆಗೆ ಕಲರ್ ಟಿವಿ ಬಂತು, ಅದರ ಹೊಟ್ಟೆಯಲ್ಲಿ ಎಸ್‌ಎಂಪಿಎಸ್ ಕೂತಿತ್ತು. ಟಿವಿ ಕೆಟ್ಟರೆ ಯಾರೂ ದೆಹಲಿಗೆ ಕಾಗದ ಬರೀತಿರಲಿಲ್ಲ, ಬೀದಿ ಕೊನೆಯ ಅಂಗಡಿಗೆ ಹೊತ್ಕೊಂಡು ಹೋಗ್ತಿದ್ರು. ಆ ಅಂಗಡಿಗಳಲ್ಲೇ ಸಾವಿರಾರು ಜನ ಪವರ್ ಸಪ್ಲೈ ವಿದ್ಯೆ ಕಲಿತರು. ಯಾರೂ ಸರ್ಟಿಫಿಕೇಟ್ ಕೊಡಲಿಲ್ಲ ಅಷ್ಟೇ.

ಈ ಎರಡೂ ದಾರಿ ಒಂದೇ ಮೇಜಿನ ಮೇಲೆ ಕೂಡಿದ್ದನ್ನು ನಾನು ನೋಡಿದ್ದು ಮೈಸೂರಿನ ಉದಯಗಿರಿಯಲ್ಲಿ. ಒಂದು ಹೈಸ್ಕೂಲಿನ ಬೀರುವಿನಲ್ಲಿ ಬಿಬಿಸಿ ಮೈಕ್ರೋ ಇತ್ತು. ಶನಿವಾರ ಗುಜರಿಯವನು ಬರ್ತಾನೆ, ಅಷ್ಟರೊಳಗೆ ಆನ್ ಆದ್ರೆ ಇಟ್ಕೋತೀವಿ ಅಂದಿದ್ರು ಹೆಡ್‌ಮಾಸ್ಟರ್. ಉದಯಗಿರಿಯಲ್ಲಿ ಹಳೇ ಟಿವಿ ರಿಪೇರಿ ಮಾಡುವ ಸಾಬ್ರೊಬ್ಬರು ನನಗೆ ಪರಿಚಯ. ಅವರ ಅಂಗಡಿಗೆ ತಗೊಂಡು ಹೋದೆ.

ಪ್ಲಗ್ ಹಾಕೋಕೆ ಬಿಡಲಿಲ್ಲ ಅವರು. "ನಲವತ್ತು ವರ್ಷ ಮಲಗಿದೋರನ್ನ ಒದ್ದು ಎಬ್ಬಿಸ್ತೀರಾ ಸಾರ್?" ಅಂದ್ರು. ಸ್ಕ್ರೂ ಬಿಚ್ಚಿದಾಗ ಮೊದಲು ಕಂಡಿದ್ದು ಮೇನ್ಸ್ ತಂತಿಯ ಪಕ್ಕದ ಎರಡು ಹಳದಿ ಕೆಪಾಸಿಟರ್: 0.1 ಮತ್ತು 0.01 ಮೈಕ್ರೋಫ್ಯಾರಡ್. ಮೈಯೆಲ್ಲಾ ಕೂದಲೆಳೆಯ ಬಿರುಕು. ಒಳಗಿರೋದು ಕಾಗದ. ಬಿರುಕಿನಿಂದ ತೇವ ಇಳಿದಿರುತ್ತೆ, ಕರೆಂಟ್ ಕೊಟ್ಟ ಕೆಲವೇ ನಿಮಿಷದಲ್ಲಿ ಕಾದು, ಒಡೆದು, ಅಂಗಡಿ ತುಂಬ ಹೊಗೆ. ಇದು ಯಾರ ತಪ್ಪೂ ಅಲ್ಲ, ವಯಸ್ಸು. ಎರಡನ್ನೂ ಬದಲಿಸಿದ್ರು.

ಆಮೇಲೆ ಸೀರೀಸ್ ಬಲ್ಬ್. ಮೇನ್ಸ್ ದಾರಿಯಲ್ಲಿ ಒಂದು ಹಳೇ ಬಲ್ಬ್ ಸೇರಿಸೋದು. ಒಳಗೆ ಶಾರ್ಟ್ ಇದ್ರೆ ಬಲ್ಬ್ ಪೂರ್ತಿ ಉರಿಯುತ್ತೆ, ಯಂತ್ರ ಉಳಿಯುತ್ತೆ. ಅದು ಒಮ್ಮೆ ಮಿಂಚಿ ಮಂಕಾಯ್ತು. ಒಳ್ಳೇ ಸೂಚನೆ. ಆದ್ರೆ 5 ವೋಲ್ಟ್ ಬರಬೇಕಾದ ಕಡೆ ಏನೂ ಇಲ್ಲ, ಬರೀ ಟಿಕ್ ಟಿಕ್ ಸದ್ದು. "ಏಳೋಕೆ ನೋಡ್ತಾ ಇದೆ, ಆಗ್ತಿಲ್ಲ" ಅಂದ್ರು. ಪ್ಲಗ್ ಕಿತ್ತರು. ಹಾಗಂತ ತಕ್ಷಣ ಕೈ ಹಾಕಲಿಲ್ಲ. ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ಉಳಿದಿರಬಹುದು, ಜೀವ ತೆಗೆಯೋಕೆ ಅದು ಸಾಕು. ರೆಸಿಸ್ಟರ್ ಇಟ್ಟು ಅದನ್ನ ಖಾಲಿ ಮಾಡಿ, ಮೀಟರಿನಲ್ಲಿ ನೋಡಿ, ಆಮೇಲೆ ಮುಟ್ಟಿದ್ರು. ಒಣಗಿಹೋಗಿದ್ದ 220 ಮೈಕ್ರೋಫ್ಯಾರಡ್ಡಿನ ಪುಟ್ಟ ಕೆಪಾಸಿಟರ್ ಸಿಕ್ಕಿತು. ಕಲರ್ ಟಿವಿಯಲ್ಲಿ ಇದೇ ಕಾಯಿಲೆಯನ್ನು ಎಷ್ಟೋ ಸಲ ನೋಡಿದ್ದಾರಂತೆ.

ಅದನ್ನೂ ಬದಲಿಸಿ, ಸ್ಕೂಟರ್ ಹೆಡ್‌ಲೈಟ್ ಬಲ್ಬನ್ನೇ ಲೋಡಾಗಿ ಕೊಟ್ಟು ಅಳೆದ್ರೆ 5.05. ಕಂಪ್ಯೂಟರಿಗೆ ಜೋಡಿಸಿದೆವು. ಎರಡು ದನಿಯ ಬೀಪ್. ಮೂಲೆಯ ಹಳೇ ಟಿವಿ ಮೇಲೆ 'ಬಿಬಿಸಿ ಕಂಪ್ಯೂಟರ್ 32ಕೆ' ಅನ್ನೋ ಇಂಗ್ಲಿಷ್ ಸಾಲು, ಕೆಳಗೆ 'ಬೇಸಿಕ್'.

ಆದ್ರೆ ನನ್ನನ್ನು ಕಾಡಿದ್ದು ಆ ಸಾಲಲ್ಲ. ಟಿವಿ ಮೆಕ್ಯಾನಿಕ್ಕುಗಳಿಗೊಂದು ಅಭ್ಯಾಸ ಇದೆ. ರಿಪೇರಿ ಆದ್ಮೇಲೆ ಒಳಗಡೆ ಮಾರ್ಕರಿನಲ್ಲಿ ತಾರೀಖು, ಬದಲಿಸಿದ ಪಾರ್ಟು ಬರೆದಿಡ್ತಾರೆ. ಸಾಬ್ರ ಅಂಗಡಿಯ ಹಳೇ ಟಿವಿಗಳಲ್ಲಿ ಮೂರು ನಾಲ್ಕು ಜನರ ಕೈಬರಹ ಸಿಗುತ್ತೆ. ಈ ಡಬ್ಬಿಯೊಳಗೆ ಒಂದೂ ಇರಲಿಲ್ಲ. ಸ್ಕ್ರೂಗಳ ಮೇಲಿನ ಬಣ್ಣ ಕೂಡ ಹಾಗೇ ಇತ್ತು. ಕಂಪ್ಯೂಟರ್ ಸಾಕ್ಷರತೆಗೆ ಅಂತ ಬಂದ ಯಂತ್ರವನ್ನು ಇಷ್ಟು ವರ್ಷದಲ್ಲಿ ಯಾರೂ ಬಿಚ್ಚಿ ನೋಡಿಲ್ಲ. ಬಳಸೋ ವಿದ್ಯೆ ಶಾಲೆಗೆ ಬಂತು, ಬಿಚ್ಚೋ ವಿದ್ಯೆ ಬೀದಿಯಲ್ಲೇ ಉಳೀತು. ನಡುವೆ ಬೀರುವಿಗೆ ಬೀಗ ಬಿತ್ತು.

ನಾವು ಐಟಿಯ ಇತಿಹಾಸ ಅಂದ್ರೆ ಇನ್ಫೋಸಿಸ್, ವಿಪ್ರೋ ಅಂತ ಶುರುಮಾಡ್ತೀವಿ. ಸೀರೀಸ್ ಬಲ್ಬ್ ಹಚ್ಚಿ ಕೂತವರ ಪಾಲು ಅದರಲ್ಲಿ ಬರೋದೇ ಇಲ್ಲ. ಅವರು ಬರೆದಿಟ್ಟ ದಾಖಲೆ ಟಿವಿಗಳ ಹೊಟ್ಟೆಯಲ್ಲಿದೆ, ಟಿವಿಗಳು ಗುಜರಿಯಲ್ಲಿವೆ.

ಮುಚ್ಚಳ ಹಾಕೋ ಮುಂಚೆ ಸಾಬ್ರು ಮಾರ್ಕರ್ ತಗೊಂಡು ತಾರೀಖು ಬರೆದ್ರು, ಮೂರು ಕೆಪಾಸಿಟರಿನ ಲೆಕ್ಕ ಬರೆದ್ರು. "ಹೆಸರೂ ಬರೀರಿ" ಅಂದೆ.

"ಹೆಸರ್ಯಾಕೆ ಸಾರ್? ಮುಂದಿನವನಿಗೆ ಪಾರ್ಟ್ ಗೊತ್ತಾದ್ರೆ ಸಾಕು."